ವಿಮಾನ ಮಾತ್ರ ಕ್ಷೇಮವಾಗಿ ವಾಪಸ್ ಬಂತು

ಮೂರು ಟಾರ್ಚು, ಮೂರು ಕೋಲು. ಟಾರ್ಚನ್ನು ಕೋಲಿಗೆ ಕಟ್ಟಿ ಹೊಲದಲ್ಲಿ ನೆಡಬೇಕು. ಮೊದಲನೆಯದರಿಂದ ಎರಡನೆಯದಕ್ಕೆ 150 ಗಜ, ಅಲ್ಲಿಂದ ಬಲಕ್ಕೆ 50 ಗಜ ಬಿಟ್ಟು ಮೂರನೆಯದು. ಮೇಲಿನಿಂದ ನೋಡಿದರೆ ತಲೆಕೆಳಗಾದ ಇಂಗ್ಲಿಷ್ 'ಎಲ್' ಅಕ್ಷರ. ಎರಡನೇ ಮಹಾಯುದ್ಧದಲ್ಲಿ, ಜರ್ಮನರ ಕೈಲಿದ್ದ ಫ್ರಾನ್ಸ್‌ನಲ್ಲಿ ಬ್ರಿಟಿಷರ ಗುಪ್ತ ವಿಮಾನ ಇಳಿಯುತ್ತಿದ್ದ ರನ್‌ವೇ ಅಂದರೆ ಇಷ್ಟೇ. ಕೆಳಗಿದ್ದವನು ಟಾರ್ಚಿನಲ್ಲಿ ಮೋರ್ಸ್ ಸಂಕೇತದ ಒಂದು ಅಕ್ಷರ ಮಿನುಗಿಸುತ್ತಾನೆ. ಪೈಲಟ್ ಮೊದಲೇ ಗೊತ್ತುಮಾಡಿಕೊಂಡ ಇನ್ನೊಂದು ಅಕ್ಷರದಲ್ಲಿ ಉತ್ತರ ಕೊಡುತ್ತಾನೆ. ಅಕ್ಷರ ತಪ್ಪಾದರೆ ಇಳಿಯುವ ಮಾತೇ ಇಲ್ಲ, ಬಂದ ದಾರಿಗೆ ಸುಂಕ ಇಲ್ಲ ಅಂತ ತಿರುಗಿ ಹೋಗುವುದು. ಸರಿಯಾದರೆ ಇಳಿದು, ಓಡಿ, ಬಲಕ್ಕೆ ತಿರುಗಿ ಮೊದಲ ಟಾರ್ಚಿನ ಹತ್ತಿರ ಬಂದು ನಿಲ್ಲುವುದು. ಬಂದವರು ಇಳಿಯುತ್ತಾರೆ, ಹೋಗುವವರು ಹತ್ತುತ್ತಾರೆ. ಇಂಜಿನ್ ಆರಿಸುವ ಹಾಗಿಲ್ಲ. ಎಲ್ಲ ಸರಿಯಾಗಿ ನಡೆದರೆ ಮೂರು ನಿಮಿಷದ ಕೆಲಸ.

ನಾನು ಹೇಳಹೊರಟಿರುವುದು ಇಂಥ ಒಂದು ರಾತ್ರಿಯ ಕಥೆ. 1943ರ ಜೂನ್ 16, ಬೆಳಗಾದರೆ 17. ಹುಣ್ಣಿಮೆಗೆ ಇನ್ನೊಂದೆರಡು ದಿನ ಇತ್ತು. ಫ್ರಾನ್ಸ್‌ನ ಆಂಜೆ ಪಟ್ಟಣದ ಉತ್ತರಕ್ಕೆ, ಸಾರ್ತ್ ಮತ್ತು ಲ್ವಾರ್ ನದಿಗಳು ಕೂಡುವ ಕಡೆ ಇದ್ದ ಒಂದು ಹೊಲಕ್ಕೆ ಎರಡು ಲೈಸ್ಯಾಂಡರ್ ವಿಮಾನಗಳು ಬಂದವು. ನಾಲ್ಕು ಜನ ಇಳಿದರು. ವಾಪಸ್ ಹೋಗಬೇಕಾದವರು ಹತ್ತಿದರು. ಎರಡೂ ವಿಮಾನಗಳು ಒಂದು ಗುಂಡೂ ತಗುಲದೆ ಇಂಗ್ಲೆಂಡಿಗೆ ಮರಳಿದವು. ಲಂಡನ್ನಿನ ಲೆಕ್ಕದಲ್ಲಿ ಇದು ಯಶಸ್ವಿ ಕಾರ್ಯಾಚರಣೆ.

ಆ ರಾತ್ರಿ ಇಳಿದ ನಾಲ್ವರಲ್ಲಿ ಒಬ್ಬರೂ ಯುದ್ಧ ಮುಗಿಯುವವರೆಗೆ ಬದುಕಲಿಲ್ಲ.

ಇಲ್ಲಿ ವಿಮಾನದ ಕೆಲಸದಲ್ಲಿ ಏನೂ ತಪ್ಪಾಗಲಿಲ್ಲ. ಎಷ್ಟು ಸರಿಯಾಗಿತ್ತು ಅಂದರೆ ಅದರಿಂದಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ವಿಮಾನ, ಬೆಳದಿಂಗಳು

ಮೊದಲು ವಿಮಾನದ ವಿಷಯ. ವೆಸ್ಟ್‌ಲ್ಯಾಂಡ್ ಲೈಸ್ಯಾಂಡರ್ ಮೊದಲು ಹಾರಿದ್ದು 1936ರಲ್ಲಿ. ಸೈನ್ಯದ ಜೊತೆಗಿದ್ದು ಶತ್ರು ಎಲ್ಲಿದ್ದಾನೆ ಅಂತ ನೋಡಿ ಹೇಳಲು ಮಾಡಿದ್ದು. ತಲೆಯ ಮೇಲೆ ರೆಕ್ಕೆ, ಒಳಗೆ ಮಡಚಲಾಗದ ಚಕ್ರ, ನೋಡಲು ದೊಡ್ಡ ಮಿಡತೆಯ ಹಾಗೆ. 1940ರಲ್ಲಿ ಜರ್ಮನ್ ಫೈಟರ್‌ಗಳ ಮುಂದೆ ಇದರ ಆಟ ನಡೆಯಲಿಲ್ಲ, ಸಾಲುಸಾಲಾಗಿ ಉದುರಿದವು. ನಮ್ಮವರೂ ಇದನ್ನು ಹಾರಿಸಿದ್ದಾರೆ. 1942ರಲ್ಲಿ ಬರ್ಮಾದಲ್ಲಿ ಕೆ.ಕೆ. ಮಜುಂದಾರ್ ನೇತೃತ್ವದ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ ಇದೇ ಲೈಸ್ಯಾಂಡರ್‌ಗೆ ಬಾಂಬ್ ಕಟ್ಟಿಕೊಂಡು ಹೋಗಿ ಜಪಾನಿ ನೆಲೆಗಳ ಮೇಲೆ ಹಾಕಿ ಬರುತ್ತಿತ್ತು. ಬಾಂಬರ್ ಅಲ್ಲದ್ದನ್ನು ಬಾಂಬರ್ ಮಾಡಿಕೊಂಡ ಧೈರ್ಯ ಅದು. ಅದರ ಕಥೆ ಇನ್ನೊಂದು ದಿನ.

ಫೈಟರ್‌ಗಳ ಮುಂದೆ ನಿಲ್ಲಲಾಗದ ಈ ವಿಮಾನಕ್ಕೆ ಒಂದು ವಿದ್ಯೆ ಮಾತ್ರ ಚೆನ್ನಾಗಿ ಬರುತ್ತಿತ್ತು. ನಿಧಾನವಾಗಿ ಹಾರಿ, ಚಿಕ್ಕ ಹುಲ್ಲುಗಾವಲಲ್ಲಿ ಇಳಿದು, ಅಷ್ಟೇ ಚಿಕ್ಕ ಜಾಗದಲ್ಲಿ ಮತ್ತೆ ಮೇಲೇಳುವುದು. ಗುಪ್ತ ಕೆಲಸಕ್ಕೆ ಬೇಕಾಗಿದ್ದು ಅದೇ ತಾನೇ. ಹಿಂದಿನ ಮೆಷಿನ್‌ಗನ್ ಕಿತ್ತುಹಾಕಿದರು. ಹೊಟ್ಟೆಯ ಕೆಳಗೆ 150 ಗ್ಯಾಲನ್‌ನ ಹೆಚ್ಚುವರಿ ಪೆಟ್ರೋಲ್ ಟ್ಯಾಂಕ್ ಕಟ್ಟಿದರು. ಕತ್ತಲಲ್ಲಿ ಪರದಾಡದೆ ಹತ್ತಿಳಿಯಲು ಎಡಗಡೆ ಒಂದು ಏಣಿಯನ್ನೇ ಬೆಸೆದರು. ಹಿಂದೆ ಇಬ್ಬರು ಕೂರಬಹುದು, ಒತ್ತಿಕೊಂಡರೆ ಮೂವರು.

ಪೈಲಟ್ ಒಬ್ಬನೇ. ದಾರಿ ನೋಡುವವನೂ ಅವನೇ, ಓಡಿಸುವವನೂ ಅವನೇ. ಮೊಣಕಾಲ ಮೇಲೆ ಪಟ್ಟಿಪಟ್ಟಿಯಾಗಿ ಮಡಚಿದ ನಕ್ಷೆ. ಕೆಳಗೆ ಬೆಳದಿಂಗಳಲ್ಲಿ ಹೊಳೆಯುವ ನದಿ, ಕಪ್ಪಾಗಿ ಕಾಣುವ ಕಾಡು, ರೈಲು ಹಳಿ. ಇವೇ ಗುರುತು. ಅದಕ್ಕೇ ಹುಣ್ಣಿಮೆಯ ಹಿಂದೆ ಒಂದು ವಾರ, ಮುಂದೆ ಒಂದು ವಾರ ಮಾತ್ರ ಈ ಕೆಲಸ ನಡೆಯುತ್ತಿತ್ತು. ಉಳಿದ ದಿನ ಸುಮ್ನೆ ಕೂರಬೇಕು. ಎರಡು ನದಿ ಕೂಡುವ ಜಾಗದ ಹೊಲವನ್ನು ಯಾಕೆ ಆರಿಸಿದರು ಎಂದು ಈಗ ಗೊತ್ತಾಯಿತಲ್ಲ? ಕತ್ತಲಲ್ಲಿ ಇದಕ್ಕಿಂತ ಒಳ್ಳೆಯ ಮೈಲಿಗಲ್ಲು ಸಿಗುವುದಿಲ್ಲ. (ಅಂದ ಹಾಗೆ ಈ ಲ್ವಾರ್ ಬೇರೆ, ನಾವು ಭೂಗೋಳದಲ್ಲಿ ಓದಿದ ಆ ದೊಡ್ಡ ಲ್ವಾರ್ ಬೇರೆ. ಫ್ರೆಂಚರು ಒಂದೇ ಉಚ್ಚಾರದ ಎರಡು ನದಿಗಳನ್ನು ಅಕ್ಕಪಕ್ಕ ಇಟ್ಟುಕೊಂಡಿದ್ದಾರೆ.)

ಈ ರೀತಿಯ ಮೊದಲ ಹಾರಾಟ ನಡೆದದ್ದು 1940ರ ಅಕ್ಟೋಬರ್ 19ರ ರಾತ್ರಿ. ವಾಲಿ ಫಾರ್ಲೆ ಎಂಬ ಪೈಲಟ್ ಫಿಲಿಪ್ ಶ್ನೈಡೋ ಎಂಬ ಏಜೆಂಟನನ್ನು ಫಾಂಟೆನ್‌ಬ್ಲೋ ಹತ್ತಿರದಿಂದ ಎತ್ತಿಕೊಂಡು ಬಂದ. ಹೊರಡುವಾಗ ಗುಂಡು ಬಿದ್ದು ದಿಕ್ಸೂಚಿ ಒಡೆದುಹೋಯಿತು. ಕೆಳಗೆ ಪೂರ್ತಿ ಮೋಡ. ಎಲ್ಲಿದ್ದೇವೆ ಅಂತಲೇ ಗೊತ್ತಿಲ್ಲದೆ ಹಾರಿ, ಬೆಳಗ್ಗೆ ಪೆಟ್ರೋಲ್ ಮುಗಿದು ಬಿದ್ದದ್ದು ಸ್ಕಾಟ್ಲೆಂಡ್‌ನ ಓಬನ್ ಹತ್ತಿರ. ದಕ್ಷಿಣ ಇಂಗ್ಲೆಂಡಿಗೆ ಹೋಗಬೇಕಾದವರು! ಪುಣ್ಯಕ್ಕೆ ಇಬ್ಬರೂ ಬದುಕಿದರು.

1941ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಒಂದು ಹೊಲದಲ್ಲಿ ಜರ್ಮನರು ಮೊದಲೇ ಹೊಂಚು ಹಾಕಿ ಕೂತಿದ್ದರು. ಅಲನ್ ಮರ್ಫಿ ಎಂಬ ಪೈಲಟ್‌ನ ಕುತ್ತಿಗೆಗೆ ಗುಂಡು ತಗುಲಿತು. ಅದೃಷ್ಟಕ್ಕೆ ಅಂತ ಜೇಬಿನಲ್ಲಿ ಇಟ್ಟುಕೊಂಡಿದ್ದ ಹೆಂಡತಿಯ ರೇಷ್ಮೆ ಕಾಲುಚೀಲವನ್ನೇ ಗಾಯಕ್ಕೆ ಒತ್ತಿ ಹಿಡಿದು, ತೂತು ತೂತಾದ ವಿಮಾನವನ್ನು ವಾಪಸ್ ತಂದ. ಈ ಬೆಲ್ಜಿಯಂ ಪ್ರಸಂಗ ಸ್ವಲ್ಪ ನೆನಪಿನಲ್ಲಿರಲಿ. ಹೊಲದ ಸುಳಿವು ಸಿಕ್ಕರೆ ಜರ್ಮನರು ಗುಂಡು ಹೊಡೆಯುತ್ತಾರೆ ಎಂಬ ಪಾಠವನ್ನು ಲಂಡನ್ ಇಂಥ ರಾತ್ರಿಗಳಿಂದಲೇ ಕಲಿತದ್ದು. ಅದನ್ನು ತಿರುಗಿಸಿ ಓದಿದ್ದೇ ಮುಂದಿನ ಎಡವಟ್ಟಿಗೆ ಕಾರಣ: ಗುಂಡು ಬೀಳಲಿಲ್ಲ ಅಂದರೆ ಜರ್ಮನರಿಗೆ ಸುಳಿವಿಲ್ಲ.

ಟ್ಯಾಂಗ್‌ಮಿಯರ್‌ನಿಂದ ಆಂಜೆಗೆ

ಈ ಗುಪ್ತ ಹಾರಾಟಗಳ ಜವಾಬ್ದಾರಿ ಬ್ರಿಟಿಷ್ ವಾಯುಪಡೆಯ 161ನೇ ಸ್ಕ್ವಾಡ್ರನ್‌ದು. ಮೂಲ ನೆಲೆ ಬೆಡ್‌ಫರ್ಡ್‌ಶೈರ್‌ನ ಟೆಂಪ್ಸ್‌ಫರ್ಡ್. ಬೆಳದಿಂಗಳ ದಿನಗಳಲ್ಲಿ ಮಾತ್ರ ಲೈಸ್ಯಾಂಡರ್‌ಗಳು ದಕ್ಷಿಣ ಕರಾವಳಿಯ ಟ್ಯಾಂಗ್‌ಮಿಯರ್‌ಗೆ ಬಂದು ನಿಲ್ಲುತ್ತಿದ್ದವು. ಅಲ್ಲಿ ಗೇಟಿನ ಎದುರಿಗೇ ಒಂದು ಹಳೇ ಮನೆ. ಏಜೆಂಟರಿಗೆ ಕೊನೇ ಊಟ ಅಲ್ಲೇ, ಕೊನೇ ತಪಾಸಣೆಯೂ ಅಲ್ಲೇ. ಜೇಬಿನಲ್ಲಿ ಲಂಡನ್ ಬಸ್ ಟಿಕೆಟ್ ಉಳಿದಿದೆಯಾ, ಇಂಗ್ಲಿಷ್ ಸಿಗರೇಟ್ ಇದೆಯಾ, ಅಂಗಿಯ ಪಟ್ಟಿಯಲ್ಲಿ ಇಂಗ್ಲೆಂಡ್ ದರ್ಜಿಯ ಹೆಸರಿದೆಯಾ. ಇಂಥ ಚಿಕ್ಕ ಚೀಟಿ ಒಂದು ಸಾಕು ಜೀವ ತೆಗೆಯಲು.

ಟ್ಯಾಂಗ್‌ಮಿಯರ್‌ನಿಂದ ಆಂಜೆಗೆ ನೇರ ಗೆರೆ ಎಳೆದರೆ ಸುಮಾರು 370 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಗೆರೆ ಎಳೆದಷ್ಟು. ಮಧ್ಯೆ ಸಮುದ್ರ, ಆಚೆ ದಡದಲ್ಲಿ ವಿಮಾನ ಹೊಡೆಯುವ ಫಿರಂಗಿಗಳು.

ಆ ರಾತ್ರಿ ಹಾರಿಸಿದವರು ಜಿಮ್ಮಿ ಮೆಕೈರ್ನ್ಸ್ ಮತ್ತು 'ಬನ್ನಿ' ರೈಮಿಲ್ಸ್. ಇವರಲ್ಲಿ ಮೆಕೈರ್ನ್ಸ್ ಮೊದಲು ಸ್ಪಿಟ್‌ಫೈರ್ ಪೈಲಟ್. 1941ರಲ್ಲಿ ಹೊಡೆದುರುಳಿಸಲ್ಪಟ್ಟು ಜರ್ಮನರಿಗೆ ಸೆರೆಸಿಕ್ಕಿ, ಶಿಬಿರದಿಂದ ತಪ್ಪಿಸಿಕೊಂಡು, ಯೂರೋಪಿನ ಪುಣ್ಯಾತ್ಮರು ಕೈಯಿಂದ ಕೈಗೆ ದಾಟಿಸಿ ಇಂಗ್ಲೆಂಡ್ ಮುಟ್ಟಿಸಿದ ಮನುಷ್ಯ. ಆ ಋಣ ತೀರಿಸಲೋ ಎಂಬಂತೆ ಮತ್ತೆ ಅದೇ ನೆಲಕ್ಕೆ ರಾತ್ರಿ ಹೊತ್ತು ಹೋಗಿ ಬರುವ ಕೆಲಸ ಹಿಡಿದಿದ್ದ.

ಹಿಂದೆ ಕೂತವರು ನಾಲ್ವರು. ಡಯಾನಾ ರೌಡೆನ್, ಸೆಸಿಲಿ ಲೆಫೋರ್, ಚಾರ್ಲ್ಸ್ ಸ್ಕೆಪರ್ ಮತ್ತು ನೂರ್ ಇನಾಯತ್ ಖಾನ್. ಎಲ್ಲರೂ ಎಸ್‌ಒಇ ಎಂಬ ಬ್ರಿಟಿಷ್ ಗುಪ್ತ ಸಂಸ್ಥೆಯ ಫ್ರಾನ್ಸ್ ವಿಭಾಗದವರು. ಫ್ರಾನ್ಸ್ ಒಳಗೆ ಸೇತುವೆ ಉಡಾಯಿಸುವ, ಹೋರಾಟಗಾರರಿಗೆ ಆಯುಧ ಹಂಚುವ ಜಾಲಗಳನ್ನು ಕಟ್ಟುವುದು ಈ ವಿಭಾಗದ ಕೆಲಸ.

ನೂರ್ ಹೆಸರು ಕೇಳಿದ ಕೂಡಲೇ ನಮಗೆ ಶ್ರೀರಂಗಪಟ್ಟಣ ನೆನಪಾಗಬೇಕು. ಆಕೆ ಟಿಪ್ಪು ಸುಲ್ತಾನನ ವಂಶದವಳು. ಮುತ್ತಜ್ಜ ಮೌಲಾ ಬಕ್ಷ್ ಮೈಸೂರು ಅರಮನೆಯಲ್ಲಿ ಸನ್ಮಾನ ಪಡೆದ, ಕರ್ನಾಟಕ ಸಂಗೀತವನ್ನೂ ಕಲಿತ ವಿದ್ವಾಂಸ. ಅವರು ಮದುವೆಯಾದದ್ದು ಟಿಪ್ಪುವಿನ ಮೊಮ್ಮಗಳನ್ನು. ಅವರ ಮಗಳ ಮಗನೇ ನೂರ್‌ಳ ತಂದೆ, ಸೂಫಿ ಸಂಗೀತಗಾರ ಹಜರತ್ ಇನಾಯತ್ ಖಾನ್. ನೂರ್ ಹುಟ್ಟಿದ್ದು 1914ರಲ್ಲಿ ಮಾಸ್ಕೋದಲ್ಲಿ, ಬೆಳೆದದ್ದು ಪ್ಯಾರಿಸ್ ಪಕ್ಕದ ಸುರೆನ್‌ನಲ್ಲಿ. ವೀಣೆ ನುಡಿಸುತ್ತಿದ್ದಳು, ಮಕ್ಕಳಿಗಾಗಿ ಜಾತಕ ಕಥೆಗಳನ್ನು ಬರೆದಿದ್ದಳು. ಬ್ರಿಟಿಷರೊಡನೆ ಹೋರಾಡಿ ಸತ್ತ ಟಿಪ್ಪುವಿನ ಮನೆತನದ ಹುಡುಗಿ ಬ್ರಿಟಿಷರ ಪರವಾಗಿ ಪ್ರಾಣ ಕೊಟ್ಟಳು ಎಂದು ಜನ ಉದ್ಗಾರ ತೆಗೆಯುವುದುಂಟು. ನನಗೆ ಅದು ಅಷ್ಟು ದೊಡ್ಡ ವಿಚಿತ್ರ ಅನ್ನಿಸುವುದಿಲ್ಲ. ಅವಳ ಮನೆ ಇದ್ದದ್ದು ಪ್ಯಾರಿಸ್‌ನಲ್ಲಿ, ಆ ಊರನ್ನು ಹಿಡಿದಿದ್ದವರು ನಾಜಿಗಳು. ಅಷ್ಟು ಕಾರಣ ಸಾಕಲ್ವಾ?

ತರಬೇತಿಯಲ್ಲಿ ಕೆಲವು ಅಧಿಕಾರಿಗಳು ಇವಳು ಈ ಕೆಲಸಕ್ಕಾಗುವುದಿಲ್ಲ ಎಂದು ಬರೆದಿದ್ದರು. ಆದರೆ ವೈರ್‌ಲೆಸ್ ಬಲ್ಲವರ ಕೊರತೆ ಇತ್ತು, ಕಳಿಸಿದರು. ಬೀಳ್ಕೊಡಲು ಬಂದವಳು ಫ್ರಾನ್ಸ್ ವಿಭಾಗದ ವೆರಾ ಅಟ್ಕಿನ್ಸ್. ಅವಳ ಕೋಟಿನಲ್ಲಿ ಬೆಳ್ಳಿಯ ಹಕ್ಕಿಯ ಪಿನ್ನು. ಎಷ್ಟು ಚೆನ್ನಾಗಿದೆ ಅಂದಳಂತೆ ನೂರ್. ವೆರಾ ಅದನ್ನು ಅಲ್ಲೇ ಬಿಚ್ಚಿ ಅವಳ ಕೈಗಿಟ್ಟಳಂತೆ.

ಹೊಲದಲ್ಲಿ ನಿಂತವನು

ಆಂಜೆಯ ಹೊಲದಲ್ಲಿ ಟಾರ್ಚು ನೆಟ್ಟು ಕಾದಿದ್ದವನ ಹೆಸರು ಆಂರಿ ದೆರಿಕೂರ್. ಗುಪ್ತನಾಮ ಗಿಲ್ಬರ್ಟ್. ಹುಟ್ಟಿದ್ದು 1909ರಲ್ಲಿ. ಯುದ್ಧಕ್ಕೆ ಮುಂಚೆ ನಾಗರಿಕ ವಿಮಾನಗಳ ಪೈಲಟ್, ಜಾತ್ರೆ ಪ್ರದರ್ಶನಗಳಲ್ಲಿ ಆಕಾಶದಲ್ಲಿ ಪಲ್ಟಿ ಹೊಡೆಯುತ್ತಿದ್ದವನು. 1942ರಲ್ಲಿ ಬ್ರಿಟನ್ ಸೇರಿದ. ಈ ಮನುಷ್ಯನ ಬಗ್ಗೆ ನಾವು ಖಾತರಿ ಕೊಡಲಾರೆವು ಎಂದು ಬ್ರಿಟನ್ನಿನ ಒಳಭದ್ರತೆ ನೋಡುವ ಎಂಐ5 ಹೇಳಿತ್ತು. ಎಸ್‌ಒಇಗೆ ಫ್ರೆಂಚ್ ಮಾತಾಡುವ ಪೈಲಟ್ ತುರ್ತಾಗಿ ಬೇಕಿತ್ತು. 1943ರ ಜನವರಿಯಲ್ಲಿ ಪ್ಯಾರಾಚೂಟ್‌ನಲ್ಲಿ ಫ್ರಾನ್ಸ್‌ಗೆ ಇಳಿಸಿಯೇಬಿಟ್ಟರು.

ಅವನಿಗೆ ಕೊಟ್ಟ ಕೆಲಸವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಗಂಟು ಇರುವುದೇ ಅಲ್ಲಿ. ಹೊಲ ಹುಡುಕುವುದು ಅವನು. ಅಳತೆ ತೆಗೆದು ಲಂಡನ್‌ಗೆ ಕಳಿಸುವುದು ಅವನು. ಯಾವ ರಾತ್ರಿ, ಯಾವ ಹೊಲ, ಎಷ್ಟು ಜನ ಎಂಬುದು ಅವನಿಗೆ ಗೊತ್ತು. ಬಂದವರನ್ನು ಇಳಿಸಿಕೊಂಡು, ಸೈಕಲ್ ಕೊಟ್ಟು, ಹತ್ತಿರದ ಸ್ಟೇಷನ್ ಹಾದಿ ತೋರಿಸಿ, ಪ್ಯಾರಿಸ್ ರೈಲಿಗೆ ಬಿಡುವುದು ಅವನ ಕಡೆಯವರು. ವಾಪಸ್ ಹೋಗುವವರು ಕಾಯುವುದು ಅವನ ಮಾತಿಗೆ. ಇದೆಲ್ಲದರ ಮೇಲೆ ಟಪಾಲು. ವೈರ್‌ಲೆಸ್‌ನಲ್ಲಿ ಉದ್ದುದ್ದ ಮಾತಾಡುವ ಹಾಗಿರಲಿಲ್ಲ, ಜರ್ಮನರ ಪತ್ತೆ ವ್ಯಾನುಗಳು ಬೀದಿಬೀದಿ ಸುತ್ತುತ್ತಿದ್ದವು. ಹಾಗಾಗಿ ಉದ್ದದ ವರದಿ, ನಕ್ಷೆ, ಮನೆಯವರಿಗೆ ಬರೆದ ಕಾಗದ ಎಲ್ಲವೂ ಒಂದು ಚೀಲದಲ್ಲಿ ದೆರಿಕೂರ್ ಕೈ ಸೇರಿ ಮುಂದಿನ ವಿಮಾನದಲ್ಲಿ ಲಂಡನ್‌ಗೆ ಹೋಗಬೇಕು. ಅದರಲ್ಲಿ ಎಷ್ಟೋ ಗುಪ್ತಲಿಪಿಯಲ್ಲೂ ಇರಲಿಲ್ಲ, ಸಾಮಾನ್ಯ ಬರಹದಲ್ಲೇ ಇರುತ್ತಿತ್ತು. ವಿಮಾನದಲ್ಲಿ ಹೋಗುವ ಚೀಲ ತಾನೇ, ಯಾರು ನೋಡುತ್ತಾರೆ ಅಂತ.

ಬೇಹುಗಾರಿಕೆಯಲ್ಲಿ ಒಂದು ಜಾಲದವರಿಗೆ ಇನ್ನೊಂದು ಜಾಲದವರ ಪರಿಚಯ ಇರಬಾರದು. ಒಬ್ಬ ಸಿಕ್ಕಿಬಿದ್ದರೆ ಅವನ ಜೊತೆಯವರಷ್ಟೇ ಹೋಗಬೇಕು, ಮಿಕ್ಕವರು ಉಳಿಯಬೇಕು. ಎಸ್‌ಒಇ ಇದನ್ನು ತನ್ನವರಿಗೆ ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಿತ್ತು. ಆಮೇಲೆ ತಾನೇ ಹೋಗಿ ಎಲ್ಲ ಜಾಲಗಳ ಬಾಗಿಲಿಗೂ ಒಂದೇ ಬೀಗ ಹಾಕಿ, ಬೀಗದಕೈಯನ್ನು ಒಬ್ಬನ ಸೊಂಟಕ್ಕೆ ಸಿಕ್ಕಿಸಿತು. ಪ್ಯಾರಿಸ್‌ನ ಜಾಲ, ಜುರಾ ಬೆಟ್ಟದ ಜಾಲ, ಮಾರ್ಸೆಯ ಜಾಲ, ಇವರು ಯಾರಿಗೂ ಪರಸ್ಪರ ಸಂಬಂಧ ಇರಬೇಕಿರಲಿಲ್ಲ. ದೆರಿಕೂರ್‌ನ ಹೊಲದಲ್ಲಿ ಮಾತ್ರ ಎಲ್ಲರೂ ಹಾದುಹೋದರು. ಆ ಒಂದು ವರ್ಷದಲ್ಲಿ ಬಂದವರು ಹೋದವರು ಸೇರಿ 60ಕ್ಕೂ ಹೆಚ್ಚು ಜನ.

ಇತ್ತ ಪ್ಯಾರಿಸ್‌ನಲ್ಲಿ ಗೆಸ್ಟಾಪೊ ಎಂಬ ನಾಜಿ ಗುಪ್ತ ಪೊಲೀಸರ ಮುಖ್ಯಸ್ಥ ಕಾರ್ಲ್ ಬೋಮೆಲ್‌ಬುರ್ಗ್. ಅವನ ಕಡತದಲ್ಲಿ ಒಬ್ಬ ಏಜೆಂಟ್ ಇದ್ದ, ಗುರುತು 'ಬಿಒಇ 48'. ಬೋಮೆಲ್‌ಬುರ್ಗ್‌ನ 48ನೇ ಮನುಷ್ಯ ಅಂತ ಅರ್ಥ. ಅವನೇ ದೆರಿಕೂರ್. ಟಪಾಲು ಚೀಲ ವಿಮಾನ ಹತ್ತುವ ಮುಂಚೆ ಜರ್ಮನರ ಕೈಗೆ ಹೋಗಿ, ಫೋಟೋ ತೆಗೆಸಿಕೊಂಡು ಬರುತ್ತಿತ್ತು.

ಹೀಗಾದದ್ದು ಹೇಗೆ? ಅವನದೇ ಮಾತು ನಂಬಿದರೆ, ಯುದ್ಧಕ್ಕೆ ಮುಂಚಿನ ಪರಿಚಯದ ಜರ್ಮನ್ ಪೈಲಟ್‌ಗಳು ಮನೆಗೆ ಹುಡುಕಿಕೊಂಡು ಬಂದರು, ಅವರ ಮೂಲಕ ಗೆಸ್ಟಾಪೊ ಹಿಡಿಯಿತು, ಬೇರೆ ದಾರಿ ಇರಲಿಲ್ಲ, ನಾನು ಕೊಟ್ಟದ್ದೆಲ್ಲ ಚಿಲ್ಲರೆ ಮಾಹಿತಿ. ಅವನ ಬಾಯಿಂದ ಇನ್ನೇನು ಬರುತ್ತದೆ ಹೇಳಿ. ಬ್ರಿಟನ್ನಿನ ಇನ್ನೊಂದು ಗುಪ್ತಸಂಸ್ಥೆ ಎಂಐ6 ಬೇಕಂತಲೇ ಅವನನ್ನು ಜರ್ಮನರ ಬಳಿ ಬಿಟ್ಟಿತ್ತು ಎಂಬ ವಾದವೂ ಇದೆ. ಓದಲು ರೋಚಕವಾಗಿದೆ, ಆದರೆ ನನಗೆ ಒಪ್ಪಿಗೆಯಾಗಿಲ್ಲ. ಒಬ್ಬ ಚುರುಕಿನ, ದುಡ್ಡು ಕಂಡರೆ ಬಿಡದ ಮನುಷ್ಯ ಎರಡೂ ಕಡೆ ಕಾಲಿಟ್ಟುಕೊಂಡು, ಯಾರು ಗೆದ್ದರೂ ತಾನು ಉಳಿಯಬೇಕು ಎಂದು ಲೆಕ್ಕ ಹಾಕಿದ ಅಂದರೆ ಅಷ್ಟಕ್ಕೇ ಎಲ್ಲ ಹೊಂದಿಕೊಳ್ಳುತ್ತದೆ.

ಜರ್ಮನರು ವಿಮಾನಗಳನ್ನು ಯಾಕೆ ಹಿಡಿಯಲಿಲ್ಲ? ಕರೆಯುವ ಹಸುವನ್ನು ಯಾರಾದರೂ ಕಟುಕನಿಗೆ ಮಾರುತ್ತಾರಾ? ಒಂದು ಲೈಸ್ಯಾಂಡರ್ ಹೊಡೆದರೆ ಒಬ್ಬ ಪೈಲಟ್ ಮತ್ತು ಇಬ್ಬರು ಏಜೆಂಟರು. ಬಿಟ್ಟರೆ ಪ್ರತಿ ಹುಣ್ಣಿಮೆಗೂ ಹೊಸ ಮುಖಗಳು, ಹೊಸ ಕಾಗದಗಳು, ಅವರು ರೈಲು ಇಳಿದು ಹೋಗುವ ಮನೆಗಳು. ಎಲ್ಲಕ್ಕಿಂತ ಮುಖ್ಯವಾಗಿ, ಮಿತ್ರರಾಷ್ಟ್ರಗಳ ಸೈನ್ಯ ಫ್ರಾನ್ಸ್ ಕರಾವಳಿಗೆ ಯಾವಾಗ ಬರುತ್ತದೆ ಎಂಬ ಸುಳಿವು ಇಲ್ಲಿಂದಲೇ ಒಂದು ದಿನ ಸಿಗಬಹುದು ಎಂಬ ಆಸೆ. ಹೊಲದ ಹತ್ತಿರ ಯಾರನ್ನೂ ಹಿಡಿಯುವಂತಿಲ್ಲ. ಹಿಂಬಾಲಿಸುವುದೇನಿದ್ದರೂ ದೂರದಿಂದ.

ಲಂಡನ್‌ನಲ್ಲಿ ಕೂತವರಿಗೆ ಕಂಡದ್ದು ಬೇರೆ. ಗಿಲ್ಬರ್ಟ್‌ನ ಹೊಲಗಳಿಂದ ವಿಮಾನಗಳು ಕ್ಷೇಮವಾಗಿ ಬರುತ್ತವೆ. ಹೊಲ ಗಟ್ಟಿಯಾಗಿರುತ್ತದೆ, ಟಾರ್ಚು ಸರಿಯಾಗಿರುತ್ತದೆ. ಅವನೂ ಪೈಲಟ್ ಆದ್ದರಿಂದ ಪೈಲಟ್‌ಗಳಿಗೆ ಏನು ಬೇಕು ಎಂದು ಗೊತ್ತು. ಅವರಿಗೂ ಅವನೆಂದರೆ ಅಚ್ಚುಮೆಚ್ಚು. ಇಂಥವನ ಮೇಲೆ ಅನುಮಾನವೇ?

ಆ ನಾಲ್ವರು

ನೂರ್ ಪ್ಯಾರಿಸ್ ತಲುಪಿ ಒಂದು ವಾರ ಆಗಿತ್ತಷ್ಟೆ. ಜೂನ್ 21ರಂದು ಆ ದೊಡ್ಡ ಲ್ವಾರ್ ನದಿಯ ಕಡೆಯ ಡ್ಯುಯಿಸಾನ್ ಎಂಬ ಹಳ್ಳಿಯಲ್ಲಿ ತಪಾಸಣೆಗೆ ಸಿಕ್ಕಿ ಎಸ್‌ಒಇಯ ಕೆಲವರು ಸೆರೆಯಾದರು. 23ರ ರಾತ್ರಿ ಪ್ಯಾರಿಸ್‌ನಲ್ಲಿ ಗಿಲ್ಬರ್ಟ್ ನಾರ್ಮನ್ ಮತ್ತು ಆಂದ್ರೆ ಬೊರೆಲ್. (ಈ ನಾರ್ಮನ್‌ಗೂ 'ಗಿಲ್ಬರ್ಟ್' ಎಂಬ ಗುಪ್ತನಾಮದ ದೆರಿಕೂರ್‌ಗೂ ಗೊಂದಲ ಬೇಡ. ಆಗಿನವರಿಗೇ ಗೊಂದಲವಾಗಿತ್ತು.) 24ರಂದು 'ಪ್ರಾಸ್ಪರ್' ಎಂಬ ಹೆಸರಿನ ನಾಯಕ ಫ್ರಾನ್ಸಿಸ್ ಸಟಿಲ್. ಉತ್ತರ ಫ್ರಾನ್ಸ್‌ನ ಅತಿ ದೊಡ್ಡ ಜಾಲ ಕೆಲವೇ ದಿನಗಳಲ್ಲಿ ಮಗುಚಿ ಬಿತ್ತು.

ಇದೆಲ್ಲ ದೆರಿಕೂರ್ ಒಬ್ಬನ ಕೆಲಸ ಎಂದು ಬರೆದುಬಿಡುವುದು ಸುಲಭ, ಬಹಳ ಜನ ಬರೆದಿದ್ದಾರೆ. ಆದರೆ ಪ್ರಾಸ್ಪರ್ ಜಾಲ ವಿಪರೀತ ಬೆಳೆದಿತ್ತು, ಅದರವರು ಸೇರಬಾರದಷ್ಟು ಸೇರುತ್ತಿದ್ದರು, ಡ್ಯುಯಿಸಾನ್‌ನ ಬಂಧನಕ್ಕೂ ವಿಮಾನಕ್ಕೂ ನೇರ ನಂಟು ಕಾಣುವುದಿಲ್ಲ. ದೆರಿಕೂರ್ ಕೊಟ್ಟ ಕಾಗದಗಳು ಇನ್ನೊಂದು ರೀತಿ ಕೊಂದವು. ಸೆರೆಸಿಕ್ಕವರನ್ನು 84, ಅವೆನ್ಯೂ ಫೋಶ್ ಎಂಬ ವಿಳಾಸದ ಜರ್ಮನ್ ಕಚೇರಿಗೆ ಕರೆದೊಯ್ದು, ಅವರೇ ಕೈಯಾರೆ ಬರೆದು ಲಂಡನ್‌ಗೆ ಕಳಿಸಿದ ಪತ್ರಗಳ ಪ್ರತಿಯನ್ನು ಮೇಜಿನ ಮೇಲೆ ಹರಡುತ್ತಿದ್ದರು. ನೋಡಿ, ನಮಗೆಲ್ಲ ಗೊತ್ತಿದೆ, ಲಂಡನ್‌ನಲ್ಲೇ ನಮ್ಮವರಿದ್ದಾರೆ, ಇನ್ನು ಮುಚ್ಚಿಡುವುದೇನು? ತನ್ನ ಹೆಂಡತಿಗೆ ಬರೆದ ಕಾಗದ ಶತ್ರುವಿನ ಮೇಜಿನ ಮೇಲಿರುವುದನ್ನು ಕಂಡ ಮನುಷ್ಯನ ಎದೆ ಅಲ್ಲೇ ಒಡೆಯುತ್ತದೆ. ಹೊಡೆಯಬೇಕಾಗಿಯೂ ಇಲ್ಲ.

ಪ್ಯಾರಿಸ್‌ನಲ್ಲಿ ವೈರ್‌ಲೆಸ್ ಬಲ್ಲವರು ಒಬ್ಬೊಬ್ಬರಾಗಿ ಸೆರೆಯಾಗಿ, ಆ ಕೆಲಸ ಬಹುತೇಕ ನೂರ್ ಒಬ್ಬಳ ತಲೆಯ ಮೇಲೆ ಬಿತ್ತು. ವಾಪಸ್ ಬಾ ಎಂದರೂ ಬರಲಿಲ್ಲ. ಮನೆ ಬದಲಿಸುತ್ತ, ಪೆಟ್ಟಿಗೆ ಹೊತ್ತುಕೊಂಡು ತಿರುಗುತ್ತ ಸುಮಾರು ನಾಲ್ಕು ತಿಂಗಳು ನಡೆಸಿದಳು. ಅಕ್ಟೋಬರ್ ಮಧ್ಯದಲ್ಲಿ ಸಿಕ್ಕಿಬಿದ್ದಳು. ಅವಳನ್ನು ಹಿಡಿದುಕೊಟ್ಟದ್ದು ದುಡ್ಡಿನಾಸೆಗೆ ಬಿದ್ದ ಬೇರೊಬ್ಬ ಹೆಂಗಸು. ದೆರಿಕೂರ್ ಅಲ್ಲ. ಬಂಧನದಿಂದ ಎರಡು ಸಲ ತಪ್ಪಿಸಿಕೊಳ್ಳಲು ನೋಡಿದಳು, ಎರಡನೇ ಸಲ ಇನ್ನಿಬ್ಬರ ಜೊತೆ ಚಾವಣಿ ಹತ್ತಿ. ಅದೇ ಹೊತ್ತಿಗೆ ವಾಯುದಾಳಿಯ ಸೈರನ್ ಕೂಗಿ, ಕೈದಿಗಳ ಎಣಿಕೆ ನಡೆದು ಸಿಕ್ಕಿಬಿದ್ದರು. ಬ್ರಿಟಿಷ್ ವಿಮಾನಗಳಿಂದಲೇ ಆಕೆಯ ಬಿಡುಗಡೆ ತಪ್ಪಿತು ಅನ್ನಬೇಕು. ಆಮೇಲೆ ಜರ್ಮನಿಗೆ ಸಾಗಿಸಿ, ಕೈಕಾಲಿಗೆ ಸರಪಳಿ ಹಾಕಿ ಒಂಟಿ ಸೆರೆಯಲ್ಲಿಟ್ಟರು.

ಅವಳ ಹೆಸರಿನಲ್ಲಿ ಜರ್ಮನರೇ ಲಂಡನ್‌ಗೆ ವೈರ್‌ಲೆಸ್ ಸಂದೇಶ ಕಳಿಸತೊಡಗಿದರು. ಲಂಡನ್ ನಂಬಿತು. 1944ರ ಫೆಬ್ರವರಿ ಕೊನೆಯಲ್ಲಿ ಶಾರ್ತ್ರ್ ಹತ್ತಿರ ಪ್ಯಾರಾಚೂಟ್‌ನಲ್ಲಿ ಇಳಿದ ಮೂವರು ನೇರವಾಗಿ ಗೆಸ್ಟಾಪೊ ಕೈಗೆ ಇಳಿದರು. ಅವರಲ್ಲಿ ಒಬ್ಬಳು ಮ್ಯಾಡ್ಲೆನ್ ದಮೆರ್ಮಾ. 1944ರ ಸೆಪ್ಟೆಂಬರ್ 13ರಂದು ಡಾಕೌ ಶಿಬಿರದಲ್ಲಿ ನೂರ್‌ಳನ್ನು ಗುಂಡಿಟ್ಟು ಕೊಂದಾಗ ಜೊತೆಗೆ ಸತ್ತ ಇನ್ನು ಮೂವರು ಹೆಂಗಸರಲ್ಲಿ ಈಕೆಯೂ ಇದ್ದಳು.

ಡಯಾನಾ ರೌಡೆನ್ ಕಥೆಯಲ್ಲಿ ಆಂಜೆಯ ಹೊಲ ಎರಡನೇ ಸಲ ಬರುತ್ತದೆ. ಆಕೆ ಸ್ವಿಟ್ಜರ್‌ಲೆಂಡ್ ಗಡಿಯ ಜುರಾ ಪ್ರದೇಶದಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ಜಾಲದ ನಾಯಕ ಸಿಕ್ಕಿಬಿದ್ದ ಮೇಲೂ ವೈರ್‌ಲೆಸ್ ಮಾಡುತ್ತಿದ್ದ ಜಾನ್ ಯಂಗ್ ಜೊತೆ ಒಂದು ಮರ ಕೊಯ್ಯುವ ಮಿಲ್ಲಿನ ಮನೆಯವರ ಆಶ್ರಯದಲ್ಲಿ ಉಳಿದಿದ್ದಳು. ನವೆಂಬರ್ 15ರ ರಾತ್ರಿ ಅದೇ ಆಂಜೆಯ ಸುತ್ತಮುತ್ತಲ ಹೊಲಕ್ಕೆ ಹಡ್ಸನ್ ಎಂಬ ದೊಡ್ಡ ವಿಮಾನ ಬಂತು. ಹತ್ತಿಸಿಕೊಂಡು ಹೋದವರಲ್ಲಿ ಮುಂದೆ ಫ್ರಾನ್ಸ್‌ನ ಅಧ್ಯಕ್ಷನಾದ ಫ್ರಾನ್ಸ್ವಾ ಮಿತೆರಾನ್ ಕೂಡ ಇದ್ದ. ಇಳಿದ ಐವರಲ್ಲಿ ಮೂವರ ಹಿಂದೆ ಜರ್ಮನರು ರೈಲಿನಲ್ಲೇ ಕೂತು ಬಂದರು, ಪ್ಯಾರಿಸ್‌ನಲ್ಲಿ ಹಿಡಿದರು. ಅದರಲ್ಲೊಬ್ಬ ಆಂದ್ರೆ ಮೋಜ್‌ನೆ, ಜುರಾಗೆ ಹೋಗಬೇಕಾದವನು. ನವೆಂಬರ್ 18ರಂದು ಮೋಜ್‌ನೆ ಹೆಸರಿನಲ್ಲಿ, ಅವನ ಗುರುತಿನ ಸಮೇತ ಒಬ್ಬ ಮಿಲ್ಲಿನ ಮನೆಗೆ ಬಂದ. ಲಂಡನ್‌ನಿಂದ ಬಂದ ಗೆಳೆಯ ಎಂದು ಒಳಗೆ ಕೂರಿಸಿದರು. ಅವನು ವೇಷ ಹಾಕಿದ ಜರ್ಮನರ ಮನುಷ್ಯ ಎಂಬುದು ಹೆಚ್ಚಿನವರ ಅಭಿಪ್ರಾಯ. ಅದೇ ಸಂಜೆ ಪೊಲೀಸರು ನುಗ್ಗಿದರು. 1944ರ ಜುಲೈ 6ರಂದು ರೌಡೆನ್‌ಳನ್ನು ನಾಟ್ಸ್‌ವೈಲರ್ ಶಿಬಿರದಲ್ಲಿ ಕೊಂದರು.

ಸೆಸಿಲಿ ಲೆಫೋರ್ 1943ರ ಸೆಪ್ಟೆಂಬರ್‌ನಲ್ಲಿ ಸಿಕ್ಕಿ 1945ರ ಆರಂಭದಲ್ಲಿ ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ ಸತ್ತಳು. ಮಾರ್ಸೆಯಲ್ಲಿದ್ದ ಸ್ಕೆಪರ್ 1944ರ ವಸಂತದಲ್ಲಿ ಸಿಕ್ಕಿದ, ವಾಪಸ್ ಬರಲಿಲ್ಲ.

ಇನ್ನು, ಆ ಜೂನ್ ರಾತ್ರಿ ಅದೇ ಹೊಲದಿಂದ ವಿಮಾನ ಹತ್ತಿ ಇಂಗ್ಲೆಂಡ್ ಸೇರಿದವರಲ್ಲಿ ಜ್ಯಾಕ್ ಅಗಜಾರಿಯನ್ ಮತ್ತು ಅವನ ಹೆಂಡತಿ ಫ್ರಾನ್ಸಿನ್ ಇದ್ದರು. ಬದುಕಿದೆವು ಅಂದುಕೊಂಡಿರಬೇಕು. ಒಂದು ತಿಂಗಳು ಕಳೆದು ಸ್ವಲ್ಪ ದಿನಕ್ಕೇ ಜ್ಯಾಕ್‌ನನ್ನು ಮತ್ತೆ ಕಳಿಸಿದರು. ಪ್ರಾಸ್ಪರ್ ಜಾಲಕ್ಕೆ ಏನಾಯಿತು ನೋಡಿ ಬರಲು ಹೊರಟ ನಿಕೋಲಸ್ ಬೋಡಿಂಗ್ಟನ್ ಎಂಬ ಅಧಿಕಾರಿಗೆ ಜೊತೆಯಾಗಿ. ಪ್ಯಾರಿಸ್‌ನ ಒಂದು ವಿಳಾಸ ಸುರಕ್ಷಿತವೋ ಅಲ್ಲವೋ ಪರೀಕ್ಷಿಸಬೇಕಿತ್ತು. ಹೋದವನು ಜ್ಯಾಕ್, ಜುಲೈ 30ರಂದು ಅಲ್ಲೇ ಸೆರೆ. 1945ರ ಮಾರ್ಚ್‌ನಲ್ಲಿ ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ಗಲ್ಲು. ಬೋಡಿಂಗ್ಟನ್ ಆಗಸ್ಟ್‌ನಲ್ಲಿ ದೆರಿಕೂರ್ ಏರ್ಪಾಡು ಮಾಡಿದ ವಿಮಾನ ಹತ್ತಿ ಸುಖವಾಗಿ ಲಂಡನ್ ಸೇರಿದ.

ಗೊತ್ತಿತ್ತು, ಆದರೆ

ಈ ಬೋಡಿಂಗ್ಟನ್ ಯುದ್ಧಕ್ಕೆ ಮುಂಚೆ ಪ್ಯಾರಿಸ್‌ನಲ್ಲಿ ಪತ್ರಕರ್ತ. ದೆರಿಕೂರ್ ಜರ್ಮನರ ಸಂಪರ್ಕದಲ್ಲಿರುವುದು, ಅದು ಹೇಗೆ, ಯಾಕೆ ಎಂಬುದೆಲ್ಲ ನಮಗೆ ಗೊತ್ತು ಎಂಬ ಅರ್ಥದ ಒಂದು ಸಾಲನ್ನು 1943ರ ಜೂನ್‌ನಲ್ಲೇ ಕಡತದಲ್ಲಿ ಬರೆದಿಟ್ಟಿದ್ದ. ಅಂದರೆ ನೂರ್ ಇಳಿದ ತಿಂಗಳಲ್ಲೇ. ಗೊತ್ತಿದ್ದೂ ಇಷ್ಟು ಜನರನ್ನು ಅದೇ ಹೊಲಕ್ಕೆ ಇಳಿಸಿದರು! ಈ ಒಂದು ಸಾಲನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಅಕ್ಟೋಬರ್‌ನಲ್ಲಿ ಇನ್ನೊಂದು ಎಚ್ಚರಿಕೆ. ಆಂರಿ ಫ್ರಾಜೆ ಎಂಬ ಜಾಲದ ನಾಯಕನಿಗೆ ಹ್ಯೂಗೊ ಬ್ಲೈಕರ್ ಎಂಬ ಜರ್ಮನ್ ಸೇನಾ ಬೇಹುಗಾರನೇ ಹೇಳಿಬಿಟ್ಟ, ಗಿಲ್ಬರ್ಟ್ ನಮ್ಮ ಪೊಲೀಸರ ಮನುಷ್ಯ ಅಂತ. ಜರ್ಮನ್ ಸೇನೆಯ ಬೇಹುಗಾರರಿಗೂ ನಾಜಿ ಪೊಲೀಸರಿಗೂ ಹಾವು ಮುಂಗುಸಿ ಸಂಬಂಧ, ಅದಕ್ಕೇ ಬಾಯಿಬಿಟ್ಟದ್ದು. ಫ್ರಾಜೆ ಈ ಸುದ್ದಿ ಹೇಳಲು ಲಂಡನ್‌ಗೆ ಹೊರಟ. ಹೇಗೆ? ದೆರಿಕೂರ್‌ನ ವಿಮಾನದಲ್ಲೇ! ಬೇರೆ ವಿಮಾನ ಎಲ್ಲಿತ್ತು? ದೂರು ಕೊಡುವವನನ್ನು ಆರೋಪಿಯೇ ಕೈಹಿಡಿದು ಏಣಿ ಹತ್ತಿಸಿದ.

ಲಂಡನ್ ಕೇಳಿಸಿಕೊಂಡಿತು. ಹೇಳಿದವನು ಜರ್ಮನ್, ನಮ್ಮಲ್ಲೇ ಒಡಕು ತರಲು ಹೇಳಿರಬಹುದು ಎಂದಿತು. ವಿಭಾಗದ ಮುಖ್ಯಸ್ಥ ಮಾರಿಸ್ ಬಕ್‌ಮಾಸ್ಟರ್ ಕೊನೆಯವರೆಗೂ ದೆರಿಕೂರ್ ಪರವಾಗಿ ನಿಂತ. ಅವನ ಬಳಿ ಇದ್ದ ಗಟ್ಟಿ ಸಾಕ್ಷಿ ಒಂದೇ, ಇವನ ಹೊಲಗಳಲ್ಲಿ ವಿಮಾನಕ್ಕೆ ಅಪಾಯ ಆಗಿಲ್ಲ. ಅದೇ ಚಳಿಗಾಲದಲ್ಲಿ, 1943ರ ಡಿಸೆಂಬರ್ 16ರ ರಾತ್ರಿ, ಇಂಗ್ಲೆಂಡಿನ ಮಂಜಿನಲ್ಲಿ ಇಳಿಯಲಾಗದೆ ಹ್ಯಾಂಕಿ ಮತ್ತು ಮೆಕ್‌ಬ್ರೈಡ್ ಎಂಬ ಇಬ್ಬರು ಲೈಸ್ಯಾಂಡರ್ ಪೈಲಟ್‌ಗಳು ಸತ್ತರು. ಶತ್ರುವಿನ ಹೊಲದಲ್ಲಿ ಇಳಿದು ಎದ್ದು ಬಂದವರು ಸ್ವಂತ ನೆಲದಲ್ಲಿ ಸತ್ತರು. ಇಷ್ಟು ಕಷ್ಟದ ಕೆಲಸದಲ್ಲಿ ಒಬ್ಬನ ಹೊಲಗಳು ಮಾತ್ರ ಸದಾ ಶಾಂತವಾಗಿದ್ದರೆ, ಅದನ್ನು ಮೆಚ್ಚುವ ಮೊದಲು ಯಾಕೆ ಎಂದು ಕೇಳಬೇಕಿತ್ತು. ಎಣಿಸಬೇಕಾದದ್ದು ವಾಪಸ್ ಬಂದ ವಿಮಾನವನ್ನಲ್ಲ. ಆ ಹೊಲದಲ್ಲಿ ಇಳಿದವರು ಮೂರು ತಿಂಗಳ ಮೇಲೆ ಎಲ್ಲಿದ್ದಾರೆ ಎಂಬುದನ್ನು. ಒಂದು ಹಾಳೆ, ಎರಡು ಕಾಲಮ್. ಗುಮಾಸ್ತನೊಬ್ಬ ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸಬಹುದಾದ ಪಟ್ಟಿ ಅದು.

ಕೊನೆಗೆ 1944ರ ಫೆಬ್ರವರಿಯಲ್ಲಿ ದೆರಿಕೂರ್‌ನನ್ನು ಹೆಂಡತಿಯ ಸಮೇತ ಲಂಡನ್‌ಗೆ ಕರೆಸಿಕೊಂಡರು, ಮತ್ತೆ ಫ್ರಾನ್ಸ್‌ಗೆ ಕಳಿಸಲಿಲ್ಲ. ಯುದ್ಧ ಮುಗಿದ ಮೇಲೆ ಸುಮ್ಮನಿರುವ ಆಸಾಮಿಯಲ್ಲ. 1946ರಲ್ಲಿ ಲಂಡನ್ನಿನ ಕ್ರಾಯ್ಡನ್ ನಿಲ್ದಾಣದಲ್ಲಿ ಚಿನ್ನ ಮತ್ತು ಪ್ಲಾಟಿನಂ ಕದ್ದು ಸಾಗಿಸುವಾಗ ಸಿಕ್ಕಿ ದಂಡ ಕಟ್ಟಿ ಹೊರಬಂದ. ಅದೇ ವರ್ಷ ಫ್ರೆಂಚರು ಬಂಧಿಸಿದರು. 1948ರ ಜೂನ್‌ನಲ್ಲಿ ಪ್ಯಾರಿಸ್‌ನ ಸೇನಾ ನ್ಯಾಯಾಲಯದಲ್ಲಿ ವಿಚಾರಣೆ. ಆ ಹೊತ್ತಿಗೆ ಬೋಮೆಲ್‌ಬುರ್ಗ್ ಇರಲಿಲ್ಲ. ಅವೆನ್ಯೂ ಫೋಶ್ ಕಚೇರಿಯ ಹಿರಿಯ ಅಧಿಕಾರಿ ಕೀಫರ್‌ನನ್ನು ಬೇರೊಂದು ಕೊಲೆ ಪ್ರಕರಣದಲ್ಲಿ ಬ್ರಿಟಿಷರೇ 1947ರಲ್ಲಿ ಗಲ್ಲಿಗೇರಿಸಿದ್ದರು. ಬಾಯಿಬಿಡಬೇಕಾದವರು ಇಲ್ಲ. ಇದ್ದಕ್ಕಿದ್ದಂತೆ ಆರೋಪಿಯ ಪರ ಸಾಕ್ಷಿ ಹೇಳಲು ಬಂದವನು ನಿಕೋಲಸ್ ಬೋಡಿಂಗ್ಟನ್. ಜರ್ಮನರ ಸಂಪರ್ಕ ಇಟ್ಟುಕೊಳ್ಳಲು ನಾನೇ ಒಪ್ಪಿಗೆ ಕೊಟ್ಟಿದ್ದೆ, ಇವನ ಕೈಗೆ ನನ್ನ ಜೀವವನ್ನು ಮತ್ತೆ ಒಪ್ಪಿಸಲೂ ಸಿದ್ಧ ಎಂಬಂತೆ ಹೇಳಿದ. ನ್ಯಾಯಾಲಯ ದೆರಿಕೂರ್‌ನನ್ನು ಬಿಟ್ಟಿತು.

ಮರುವರ್ಷ, 1949ರಲ್ಲಿ, ನೂರ್‌ಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಎಂಬ ಬ್ರಿಟನ್ನಿನ ಶೌರ್ಯ ಪದಕ ಬಂತು.

ದೆರಿಕೂರ್ ಮತ್ತೆ ವಿಮಾನ ಹತ್ತಿದ. ಈ ಸಲ ಲಾವೋಸ್‌ನಲ್ಲಿ. ಕಾಡಿನ ನಡುವೆ ಸವರಿದ ಚಿಕ್ಕ ರನ್‌ವೇಗಳಲ್ಲಿ ಇಳಿದು ಅಫೀಮು ಸಾಗಿಸುವ ಪೈಲಟ್‌ಗಳ ಗುಂಪು ಅಲ್ಲಿ ದೊಡ್ಡದಿತ್ತು. ಕೇಳುವವರು ಕಡಿಮೆ, ದುಡ್ಡು ಜಾಸ್ತಿ. 1962ರ ನವೆಂಬರ್ 21ರಂದು ಅಲ್ಲಿ ಅವನ ವಿಮಾನ ಬಿತ್ತು.